ಬಣ್ಣದ ಮಾತಿನ ಗಿರಾಕಿ: ಆನ್‌ಲೈನ್ ಕಮಿಷನ್ ಮೋಸಕ್ಕೆ ಸಿಲುಕದಿರುವುದು ಹೇಗೆ

"ಹಾಯ್, ನಿಮ್ಮ ಪೇಜ್ ನೋಡಿದೆ, ಕೆಲಸ ಅದ್ಭುತವಾಗಿದೆ. ಮಗನ ಹುಟ್ಟುಹಬ್ಬಕ್ಕೆ ನಮ್ಮ ನಾಯಿಯ ಚಿತ್ರ ಬರೆಸಬೇಕಿತ್ತು. ಎಷ್ಟಾಗುತ್ತದೆ?"

ಇನ್‌ಸ್ಟಾಗ್ರಾಂನಲ್ಲೋ ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲೋ ಚಿತ್ರ ಹಾಕಲು ಶುರುಮಾಡಿದವರಿಗೆ ಈ ಸಂದೇಶ ಒಂದಲ್ಲ ಒಂದು ದಿನ ಬರುತ್ತದೆ. ನಾಯಿಯ ಬದಲು ಬೆಕ್ಕಿರಬಹುದು, ಮಗನ ಬದಲು ಮಗಳಿರಬಹುದು. ಮೊದಲ ಸಲ ಬಂದಾಗ ನಾನು ಖುಷಿಯಲ್ಲಿ ಎರಡೆರಡು ಸಲ ಓದಿದ್ದೆ. ಈಗ ಇಂಥವನ್ನು ತುಂಬಿಡಲು ಒಂದು ಫೋಲ್ಡರ್ ಇಟ್ಟುಕೊಂಡಿದ್ದೇನೆ. ಅದರಲ್ಲಿ ಒಂದೇ ನಾಯಿಯ ಒಂದೇ ಫೋಟೊ ಮೂವರು ಬೇರೆ ಬೇರೆ 'ಅಪ್ಪಂದಿರಿಂದ' ಬಂದಿದೆ.

ಚಿತ್ರ ಬರೆಯುವವರ ನಡುವೆ ಕಮಿಷನ್ ಅಂದರೆ ದಲ್ಲಾಳಿಯ ಪಾಲಲ್ಲ. ಗಿರಾಕಿ ಕೇಳಿದ್ದನ್ನು ಹಣ ಪಡೆದು ಬರೆದುಕೊಡುವ ಕೆಲಸ. ಸಾಚಾ ವ್ಯವಹಾರದ ನಡೆ ಗೊತ್ತಿದ್ದರೆ ಖೋಟಾ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಗಿರಾಕಿ ದರಪಟ್ಟಿ ನೋಡುತ್ತಾನೆ, ಬೇಕಾದ್ದನ್ನು ವಿವರಿಸುತ್ತಾನೆ, ರೆಫರೆನ್ಸ್ (ನೋಡಿ ಬರೆಯಲು ಮಾದರಿ ಚಿತ್ರ) ಕಳಿಸುತ್ತಾನೆ, ಒಂದಿಷ್ಟು ಚೌಕಾಶಿಯನ್ನೂ ಮಾಡುತ್ತಾನೆ. ನೀವು ಇನ್‌ವಾಯ್ಸ್ ಕಳಿಸುತ್ತೀರಿ, ಆತ ಮುಂಗಡ ಕೊಡುತ್ತಾನೆ, ಸ್ಕೆಚ್ ಹೋಗುತ್ತದೆ, ತಿದ್ದುಪಡಿ ಆಗುತ್ತದೆ, ಬಾಕಿ ಬಂದ ಮೇಲೆ ಪೂರ್ಣ ಗಾತ್ರದ ಫೈಲ್ ಹೋಗುತ್ತದೆ. ಇಲ್ಲಿ ಹಣ ಹರಿಯುವುದು ಒಂದೇ ದಿಕ್ಕಿಗೆ: ಅವನಿಂದ ನಿಮ್ಮ ಕಡೆಗೆ. ನಾನು ಕಂಡ ಮೋಸಗಳೆಲ್ಲ, ವೇಷ ಯಾವುದೇ ಇರಲಿ, ಎಲ್ಲೋ ಒಂದು ಕಡೆ ಈ ದಿಕ್ಕನ್ನು ತಿರುಗಿಸಲು ನೋಡುತ್ತವೆ. ನೀವೇ ಏನನ್ನೋ ಕಟ್ಟಬೇಕು, ಹಿಂದಿರುಗಿಸಬೇಕು, ಮೂರನೆಯವರಿಗೆ ದಾಟಿಸಬೇಕು. ಇಲ್ಲವೇ ನಿಮ್ಮ ಖಾತೆಯ ಕೀಲಿಯನ್ನೇ ಅವರ ಕೈಗಿಡಬೇಕು.

ಮೊದಲ ಸಂದೇಶವನ್ನು ಹೀಗೆ ಓದಿ

ಹೊಗಳಿಕೆ ಇದೆ, ಆದರೆ ಯಾವ ಚಿತ್ರದ ಹೊಗಳಿಕೆ ಎಂದಿಲ್ಲ. ಇದೇ ಮೊದಲ ಸುಳಿವು. ನೂರಾರು ಜನರಿಗೆ ಒಂದೇ ಸಂದೇಶ ಅಂಟಿಸುವವನಿಗೆ ನಿಮ್ಮ ಪುಟದಲ್ಲಿ ಏನಿದೆಯೆಂದು ನೋಡುವ ಪುರುಸೊತ್ತಿಲ್ಲ. ನಿಮ್ಮ ಪುಟದ ತುಂಬ ಕಟ್ಟಡಗಳ ಜಲವರ್ಣವಿದ್ದರೂ ಆತ ಕೇಳುವುದು ಸಾಕುಪ್ರಾಣಿಯ ಚಿತ್ರವನ್ನೇ. ದರಪಟ್ಟಿ ಮೇಲೆಯೇ ಪಿನ್ ಆಗಿದ್ದರೂ "ಎಷ್ಟಾಗುತ್ತದೆ" ಎನ್ನುತ್ತಾನೆ. ನೀವು ದರ ಹೇಳಿದ ಕೂಡಲೇ ಒಪ್ಪುತ್ತಾನೆ, ಕೆಲವೊಮ್ಮೆ ಕೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತೇನೆಂದು ಮೂಗಿಗೆ ತುಪ್ಪ ಸವರುತ್ತಾನೆ. ಚೌಕಾಶಿ ಮಾಡದ ಗಿರಾಕಿಯನ್ನು ಕಂಡರೆ ನನಗೀಗ ಸ್ವಲ್ಪ ಭಯವೇ.

ಎರಡು ವಿಷಯಗಳಿಗೆ ಮಾತ್ರ ಮೋಸಹೋಗಬೇಡಿ. ಭಾಷೆ ಒರಟಾಗಿದ್ದರೆ ಕಳ್ಳ ಎಂದು ತೀರ್ಮಾನಿಸುವುದು ತಪ್ಪು. ನನ್ನ ಒಳ್ಳೆಯ ಗಿರಾಕಿಗಳಲ್ಲಿ ಹಲವರು ಅನುವಾದದ ಆ್ಯಪ್ ಹಿಡಿದೇ ಮಾತಾಡುತ್ತಾರೆ. ಕಳ್ಳರಾದರೋ ಈಗ ಎಐ ಕೈಯಲ್ಲಿ ಸೊಗಸಾಗಿ ಬರೆಸುತ್ತಾರೆ. ಹಾಗೆಯೇ ಹಳೆಯ ಖಾತೆ ಎಂದಾಕ್ಷಣ ನಂಬಿಕಸ್ಥ ಎಂದೂ ಅಲ್ಲ. ಅದು ಬೇರೊಬ್ಬರಿಂದ ಕದ್ದ ಖಾತೆಯಾಗಿರಬಹುದು.

ಹಾಗಾದರೆ ಪರೀಕ್ಷಿಸುವುದು ಹೇಗೆ? ಚಿತ್ರದ ಬಗ್ಗೆಯೇ ಕೇಳಿ. "ನನ್ನ ಯಾವ ಕೆಲಸ ನೋಡಿ ಬಂದಿರಿ? ಇದು ಪರದೆಗೋ, ಮುದ್ರಣಕ್ಕೋ? ಹಿನ್ನೆಲೆ ಬೇಕೇ? ಯಾವಾಗ ಬೇಕು?" ಎಂದು ಒಂದೇ ಸಂದೇಶದಲ್ಲಿ ನಾಲ್ಕು ಪ್ರಶ್ನೆ ಹಾಕಿ. ನಿಜವಾಗಿ ಚಿತ್ರ ಬೇಕಾದವನು ಈ ಮಾತಿಗಾಗಿಯೇ ಕಾಯುತ್ತಿರುತ್ತಾನೆ, ಪ್ಯಾರಾಗಟ್ಟಲೆ ಬರೆಯುತ್ತಾನೆ. ಕಳ್ಳ ಮಾತ್ರ "ನಿಮ್ಮ ಇಷ್ಟದಂತೆ ಮಾಡಿ, ನಿಮ್ಮ ಮೇಲೆ ಭರವಸೆ ಇದೆ" ಎಂದು ತೇಲಿಸಿ, ಮುಂದಿನ ಸಾಲಿನಲ್ಲೇ "ಪೇಪಾಲ್ ಇಮೇಲ್ ಕೊಡಿ" ಎನ್ನುತ್ತಾನೆ (ಪೇಪಾಲ್ ಅಂದರೆ ಇಮೇಲ್ ವಿಳಾಸದ ಮೂಲಕ ಹಣ ಕಳಿಸುವ, ಪಡೆಯುವ ಆನ್‌ಲೈನ್ ಸೇವೆ). ಮಗನ ಹುಟ್ಟುಹಬ್ಬ ಅಷ್ಟರಲ್ಲಿ ಮರೆತೇ ಹೋಗಿರುತ್ತದೆ.

ಜೊತೆಗೆ, ಕಳಿಸಿದ ಫೋಟೊವನ್ನು ಗೂಗಲ್ ಲೆನ್ಸ್‌ಗೋ ಟಿನ್‌ಐಗೋ ಹಾಕಿ ನೋಡಿ; ಅದೇ ಫೋಟೊ ಇಂಟರ್‌ನೆಟ್‌ನಲ್ಲಿ ಬೇರೆಲ್ಲಿದೆಯೆಂದು ಅವು ಹುಡುಕಿಕೊಡುತ್ತವೆ. ಟಿನ್‌ಐ 2008ರಿಂದ ಇದೇ ಕೆಲಸ ಮಾಡುತ್ತಿದೆ, ಅರ್ಧ ನಿಮಿಷವೂ ಹಿಡಿಯುವುದಿಲ್ಲ. ನನ್ನ ಫೋಲ್ಡರ್‌ನ ಆ ನಾಯಿ ಯಾರೋ ಅಪರಿಚಿತರ ಹಳೆಯ ಪೋಸ್ಟ್‌ನಿಂದ ಬಂದದ್ದು.

ಹಣ ಬಂದಿದೆ ಎಂದು ಹೇಳಿದ್ದು ಯಾರು?

ಹೆಚ್ಚು ಜನ ಬೀಳುವುದು ಇಲ್ಲಿ. ನಾನೂ ಬೀಳುವುದರಲ್ಲಿದ್ದೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಇಮೇಲ್ ಕೊಟ್ಟೆ. ಹತ್ತು ನಿಮಿಷದಲ್ಲಿ ಪೇಪಾಲ್‌ನ ನೀಲಿ ಲೋಗೊ ಹೊತ್ತ ಮೇಲ್ ಬಂತು. ನಾನು ಹೇಳಿದ ಮೊತ್ತದ ಎರಡರಷ್ಟು ಹಣ ಬಂದಿದೆ, ಆದರೆ ನನ್ನದು ವೈಯಕ್ತಿಕ ಖಾತೆಯಾದ್ದರಿಂದ ಅದು 'ಪೆಂಡಿಂಗ್' ಆಗಿದೆ, ಬಿಸಿನೆಸ್ ಖಾತೆಗೆ ಏರಿಸಲೆಂದು ಗಿರಾಕಿಯೇ ಹೆಚ್ಚುವರಿ ಹಣ ಹಾಕಿದ್ದಾನೆ, ಆ ಹೆಚ್ಚುವರಿಯನ್ನು ನಾನು ಅವನಿಗೆ ಹಿಂದಿರುಗಿಸಿ ಸ್ಕ್ರೀನ್‌ಶಾಟ್ ಕಳಿಸಿದ ಕೂಡಲೇ ಪೂರ್ತಿ ಮೊತ್ತ ಬಿಡುಗಡೆಯಾಗುತ್ತದೆ ಎಂದು ಅದರಲ್ಲಿತ್ತು. ಅತ್ತ ಗಿರಾಕಿಯ ಸಂದೇಶದ ಮೇಲೆ ಸಂದೇಶ: "ನನ್ನ ಹಣ ಕಡಿತವಾಗಿದೆ, ಬೇಗ ಕಳಿಸಿ, ನೀವು ಮೋಸ ಮಾಡುತ್ತಿದ್ದೀರಾ?" ಕಳ್ಳನೇ ನಮ್ಮನ್ನು ಕಳ್ಳಿ ಮಾಡಿದಾಗ ತಲೆ ಓಡುವುದಿಲ್ಲ. ಹೇಗಾದರೂ ನಮ್ಮ ಪ್ರಾಮಾಣಿಕತೆ ಸಾಬೀತಾದರೆ ಸಾಕು ಅನ್ನಿಸಿಬಿಡುತ್ತದೆ.

ಗೆಳತಿಗೆ ಫೋನ್ ಮಾಡಿದೆ.

"ದುಡ್ಡು ಬಂದಿದೆ ಅಂತ ಯಾರು ಹೇಳಿದ್ರು?"

"ಪೇಪಾಲ್ ಮೇಲ್ ಬಂದಿದೆ."

"ಮೇಲ್ ಬಿಡೇ, ಆ್ಯಪ್ ಏನು ಹೇಳ್ತಿದೆ?"

ಆ್ಯಪ್ ಏನೂ ಹೇಳುತ್ತಿರಲಿಲ್ಲ. ಪೆಂಡಿಂಗ್ ಇಲ್ಲ, ಸೂಚನೆ ಇಲ್ಲ. ಆಮೇಲೆ ಮೇಲ್‌ನ ವಿಳಾಸ ಬಿಚ್ಚಿ ನೋಡಿದೆ. ಕಳಿಸಿದವರ ಹೆಸರಿನ ಜಾಗದಲ್ಲಿ 'ಪೇಪಾಲ್ ಸರ್ವಿಸ್' ಎಂದಿತ್ತು, ಅದರ ಹಿಂದಿದ್ದ ನಿಜ ವಿಳಾಸ ಜಿಮೇಲ್ ಡಾಟ್ ಕಾಂನದ್ದು. ಫೋನಿನಲ್ಲಿ ಹೆಸರು ಮಾತ್ರ ಕಾಣುತ್ತದೆ, ಅದರ ಮೇಲೆ ಒತ್ತಿದರೆ ತಾನೇ ವಿಳಾಸ ಬಯಲಾಗುವುದು?

ಇದರಿಂದ ಕಲಿತದ್ದು ಇಷ್ಟು: ಹಣದ ವಿಷಯದಲ್ಲಿ ಮೇಲ್ ಸಾಕ್ಷಿಯಲ್ಲ, ಸ್ಕ್ರೀನ್‌ಶಾಟ್ ಅಂತೂ ಅಲ್ಲವೇ ಅಲ್ಲ. ಮೇಲ್‌ನಲ್ಲಿರುವ ಲಿಂಕ್ ಒತ್ತದೆ, ನೀವೇ ಆ್ಯಪ್ ತೆರೆದು ಅಥವಾ ವಿಳಾಸ ಟೈಪ್ ಮಾಡಿ ಒಳಹೋಗಿ ಖಾತೆಯ ವಹಿವಾಟು ನೋಡಬೇಕು. ಹೊಸದಾಗಿ ಮಾರಾಟ ಶುರುಮಾಡಿದವರ ಹಣವನ್ನು ಪೇಪಾಲ್ ನಿಜವಾಗಿಯೂ ಕೆಲವೊಮ್ಮೆ 21 ದಿನಗಳವರೆಗೆ ತಡೆಹಿಡಿಯುವುದುಂಟು. ಆದರೆ ಆ ತಡೆ ನಿಮ್ಮ ಖಾತೆಯ ಒಳಗೇ ಕಾಣುತ್ತದೆ. ಅದನ್ನು ಬಿಡಿಸಲು ಗಿರಾಕಿಗೆ ನೀವು ಹಣ ಕಳಿಸಬೇಕೆಂದು ಯಾವ ಪಾವತಿ ಸಂಸ್ಥೆಯೂ ಕೇಳುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ವಿಳಾಸ ಅಸಲಿಯಾದರೂ ಮೋಸ ಇರಬಹುದು. ಪೇಪಾಲ್‌ನಲ್ಲಿ ಯಾರು ಬೇಕಾದರೂ ಯಾರಿಗೆ ಬೇಕಾದರೂ ಇನ್‌ವಾಯ್ಸ್ ಅಥವಾ 'ಹಣ ಕೊಡಿ' ಎಂಬ ಕೋರಿಕೆ ಕಳಿಸಬಹುದು, ಅದರ ಮೇಲ್ ಪೇಪಾಲ್‌ನಿಂದಲೇ ಬರುತ್ತದೆ. ಅದರ ಟಿಪ್ಪಣಿಯಲ್ಲಿ "ನಿಮಗೆ ಹಣ ಬಂದಿದೆ, ಪಡೆಯಲು ಒತ್ತಿ" ಎಂದೋ, "ಈ ನಂಬರಿಗೆ ಕರೆ ಮಾಡಿ" ಎಂದೋ ಬರೆದಿರುತ್ತಾರೆ. ಅವಸರದಲ್ಲಿ ಒತ್ತಿದರೆ ಹಣ ಬರುವುದಿಲ್ಲ, ಹೋಗುತ್ತದೆ.

ಇದೇ ನಾಟಕದ ಹಳೆಯ ಪ್ರಯೋಗ ಚೆಕ್ಕಿನದು. ಕ್ಯಾನ್ವಾಸ್ ಮೇಲೆ ಬರೆಯುವವರಿಗೆ ಮೇಲ್ ಬರುತ್ತದೆ: ಹೆಂಡತಿ ನಿಮ್ಮ ಚಿತ್ರ ಮೆಚ್ಚಿದ್ದಾಳೆ, ಅಚ್ಚರಿಯ ಉಡುಗೊರೆ ಕೊಡಬೇಕು, ನಾವು ಮನೆ ಬದಲಿಸುತ್ತಿದ್ದೇವೆ, ಸಾಗಣೆಯವನು ಬಂದು ಒಯ್ಯುತ್ತಾನೆ, ಅವನ ಕೂಲಿಯನ್ನೂ ಸೇರಿಸಿ ಚೆಕ್ ಕಳಿಸುತ್ತೇನೆ, ಅವನ ಪಾಲು ಅವನಿಗೆ ಕೊಟ್ಟುಬಿಡಿ. ಚೆಕ್ ಹಾಕುತ್ತೀರಿ, ಖಾತೆಯಲ್ಲಿ ಮೊತ್ತವೂ ಕಾಣುತ್ತದೆ. ಮೊತ್ತ ಕಂಡ ಮಾತ್ರಕ್ಕೆ ಚೆಕ್ ಪಾಸಾಯಿತೆಂದಲ್ಲ. ಅಮೆರಿಕದಂಥ ಕಡೆ ಚೆಕ್ ನಿಜವೋ ಸುಳ್ಳೋ ತಿಳಿಯುವ ಮೊದಲೇ ಬ್ಯಾಂಕ್ ಹಣ ಬಳಸಲು ಬಿಡುತ್ತದೆ, ಖೋಟಾ ಎಂದು ಗೊತ್ತಾಗಲು ವಾರಗಳೇ ಹಿಡಿಯಬಹುದು. ಅಷ್ಟರಲ್ಲಿ ನೀವು 'ಸಾಗಣೆಯವನಿಗೆ' ಕೊಟ್ಟ ಹಣ ನಿಮ್ಮ ಸ್ವಂತದ್ದಾಗಿರುತ್ತದೆ. ಇದಕ್ಕೆ ಹೊಸ ವೇಷವೂ ಬಂದಿದೆ. ಕಲಾವಿದನೇ ಅಲ್ಲದವರಿಗೆ "ನಿಮ್ಮ ಫೋಟೊ ನೋಡಿ ಚಿತ್ರ ಬರೆಯುತ್ತೇನೆ, ಅದಕ್ಕೆ ನಿಮಗೇ ಹಣ ಕೊಡುತ್ತೇನೆ" ಎನ್ನುವುದು. ಫೋಟೊಗೆ ಹಣ ಎಂದು ಚೆಕ್ ಬರುತ್ತದೆ, ಅದರಲ್ಲೊಂದು ಭಾಗ ಬಣ್ಣ ಪೂರೈಸುವವನಿಗೆ ಎನ್ನುತ್ತಾರೆ. ಹೂರಣ ಅದೇ.

ಎನ್‌ಎಫ್‌ಟಿ (ಡಿಜಿಟಲ್ ಚಿತ್ರಕ್ಕೆ ಒಡೆತನದ ಗುರುತು ಹಚ್ಚಿ ಕ್ರಿಪ್ಟೊ ಹಣಕ್ಕೆ ಮಾರುವುದು) ಹೆಸರಿನ ಮೋಸವನ್ನು ಬೇಗ ಮುಗಿಸುತ್ತೇನೆ. ನಿಮ್ಮ ಹಳೆಯ ಚಿತ್ರಗಳಿಗೆ ಭಾರಿ ಬೆಲೆ ಹೇಳಿ, ತಾವು ಹೇಳಿದ ವೆಬ್‌ಸೈಟಿನಲ್ಲೇ ಹಾಕಬೇಕೆನ್ನುತ್ತಾರೆ. ಹಾಕಲು 'ಗ್ಯಾಸ್ ಫೀ' ಎಂಬ ದಾಖಲಾತಿ ಶುಲ್ಕ ನೀವು ಕಟ್ಟಬೇಕು. ಚಿತ್ರ 'ಮಾರಾಟವಾಗಿ' ಆ ಸೈಟಿನ ಪರದೆಯಲ್ಲಿ ದೊಡ್ಡ ಅಂಕಿ ಕಾಣುತ್ತದೆ, ತೆಗೆಯಲು ಹೋದರೆ ಮತ್ತೊಂದು ಶುಲ್ಕ. ಆ ಅಂಕಿ ಅವರೇ ಟೈಪ್ ಮಾಡಿದ್ದು.

ಫೈಲ್ ತೆರೆಯುವ ಮುನ್ನ

ಕೆಲವರಿಗೆ ನಿಮ್ಮ ಹಣ ಬೇಡ, ಖಾತೆ ಬೇಕು. "ರೆಫರೆನ್ಸ್ ಎಲ್ಲ ಇದರಲ್ಲಿದೆ" ಎಂದು ಜಿಪ್ ಫೈಲ್ ಕಳಿಸುತ್ತಾರೆ, ಅದಕ್ಕೊಂದು ಪಾಸ್‌ವರ್ಡ್ ಕೊಡುತ್ತಾರೆ. ನಾಲ್ಕು ಚಿತ್ರಗಳಿಗೆ ಪಾಸ್‌ವರ್ಡ್ ಏಕೆ? ಆ್ಯಂಟಿವೈರಸ್ ಒಳಗೆ ಇಣುಕಬಾರದೆಂದು. ಬಿಡಿಸಿದರೆ ಮೂರು ನಿಜವಾದ ಚಿತ್ರಗಳಿರುತ್ತವೆ, ನಾಲ್ಕನೆಯದರ ಹೆಸರು 'ಪಿಎನ್‌ಜಿ ಡಾಟ್ ಎಸ್‌ಸಿಆರ್' ಎಂದು ಮುಗಿಯುತ್ತದೆ. ಎಸ್‌ಸಿಆರ್ ಅಂದರೆ ವಿಂಡೋಸ್‌ನ ಸ್ಕ್ರೀನ್‌ಸೇವರ್, ಅಂದರೆ ಓಡುವ ಪ್ರೋಗ್ರಾಂ. ವಿಂಡೋಸ್ ತಾನಾಗಿ ಫೈಲಿನ ಕೊನೆಯ ಬಾಲವನ್ನು ಮರೆಮಾಡುವುದರಿಂದ ನಿಮಗೆ ಕಾಣುವುದು ಪಿಎನ್‌ಜಿ ಮಾತ್ರ. ಬಲದಿಂದ ಎಡಕ್ಕೆ ಓದಿಸುವ ಅದೃಶ್ಯ ಯುನಿಕೋಡ್ ಅಕ್ಷರವೊಂದನ್ನು ಹೆಸರಿನ ನಡುವೆ ತುರುಕಿ, ಬಾಲವನ್ನೇ ತಿರುಗುಮುರುಗು ತೋರಿಸುವ ಚಾಲಾಕಿತನವೂ ಇದೆ.

ಒತ್ತಿದರೆ ಏನಾಗುತ್ತದೆ? ಹೊರಗೆ ಏನೂ ಆಗುವುದಿಲ್ಲ, ಅದೇ ತೊಂದರೆ. ಒಳಗೆ ಅದು ಬ್ರೌಸರ್‌ನಲ್ಲಿ ಉಳಿದಿರುವ ಲಾಗಿನ್ ಕುಕಿಗಳನ್ನೂ ಡಿಸ್ಕಾರ್ಡ್ ಟೋಕನ್ನನ್ನೂ ಕದ್ದು ಕಳಿಸುತ್ತದೆ. ಆಗಲೇ ಲಾಗಿನ್ ಆಗಿರುವ ಗುರುತು ಅದು. ಹಾಗಾಗಿ ಎರಡು ಹಂತದ ಪರಿಶೀಲನೆ ಇದ್ದರೂ ಕಳ್ಳ ನೇರ ಒಳಗೆ ಬರುತ್ತಾನೆ. ಆಮೇಲೆ ನಿಮ್ಮ ಗೆಳೆಯರಿಗೆ ನಿಮ್ಮ ಹೆಸರಿನಿಂದ "ರೆಫರೆನ್ಸ್" ಹೋಗುತ್ತದೆ.

ಇದಕ್ಕೆ ಮೂರು ಕೆಲಸ ಮಾಡಿಡಿ. ಮೊದಲನೆಯದಾಗಿ ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆನ್ ಮಾಡಿ. ಆಮೇಲೆ "ಚಿತ್ರಗಳನ್ನು ಚಾಟ್‌ನಲ್ಲೇ ಹಾಕಿ, ಜಿಪ್ ತೆರೆಯುವುದಿಲ್ಲ" ಎಂದು ನಿಮ್ಮ ನಿಯಮಗಳಲ್ಲಿ ಬರೆದುಬಿಡಿ. ನಿಜ ಗಿರಾಕಿ ಬೇಸರಪಡುವುದಿಲ್ಲ. ತೆರೆಯಲೇಬೇಕಾದರೆ ಫೈಲನ್ನು ಹಲವು ಆ್ಯಂಟಿವೈರಸ್‌ಗಳಿಂದ ಪರೀಕ್ಷಿಸುವ ವೈರಸ್‌ಟೋಟಲ್ ವೆಬ್‌ಸೈಟಿಗೆ ಹಾಕಿ ನೋಡಿ. ಅದು ಹಸಿರು ತೋರಿಸಿದರೂ ನೂರಾರು ಎಂಬಿ ತೂಗುವ 'ಚಿತ್ರ' ನನಗೆ ಬೇಡ. ಪರೀಕ್ಷೆಯ ಮಿತಿಗೆ ನಿಲುಕದಂತೆ ಫೈಲನ್ನು ಉಬ್ಬಿಸುವುದೂ ಒಂದು ತಂತ್ರ. "ವೆರಿಫೈ ಆಗಲು ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಎಂಬುದೂ ಇದೇ ಜಾತಿ. ಡಿಸ್ಕಾರ್ಡ್ ಆ್ಯಪ್‌ನಲ್ಲಿ ಅಪರಿಚಿತ ಕ್ಯೂಆರ್ ಸ್ಕ್ಯಾನ್ ಮಾಡಿ ಒಪ್ಪಿದರೆ ಎದುರಿನವನ ಕಂಪ್ಯೂಟರಿನಲ್ಲಿ ನಿಮ್ಮ ಖಾತೆ ತೆರೆದುಕೊಳ್ಳಬಹುದು. ಫೋನಿಗೆ ಬಂದ ಕೋಡ್ ಕೇಳಿದರೂ ಅಷ್ಟೇ.

ವ್ಯವಹಾರವನ್ನು ನಿಮ್ಮ ಹಾದಿಗೆ ತನ್ನಿ

ಗಿರಾಕಿ ಹೇಳಿದಂತೆ ನೀವು ಹೋಗುವ ಬದಲು, ನೀವು ಹಾಕಿದ ಹಾದಿಯಲ್ಲಿ ಆತ ನಡೆಯಲಿ. "ಇಮೇಲ್ ಕೊಡಿ" ಎಂದಾಗ ನಾನು "ನಿಮ್ಮ ಇಮೇಲ್ ಕೊಡಿ, ಇನ್‌ವಾಯ್ಸ್ ಕಳಿಸುತ್ತೇನೆ" ಎನ್ನುತ್ತೇನೆ. ಈ ಒಂದು ವಾಕ್ಯಕ್ಕೇ ಹತ್ತರಲ್ಲಿ ಒಂಬತ್ತು ಮಂದಿ ಮಾಯವಾಗುತ್ತಾರೆ; ಇದು ನನ್ನ ಫೋಲ್ಡರ್‌ನ ಲೆಕ್ಕ, ಸಮೀಕ್ಷೆಯಲ್ಲ. ಕಲಾವಿದರು ಹಣ ಪಡೆಯುವ ಕೋ-ಫೈನಂಥ ಪುಟವಿದ್ದರೆ ಅದರ ಲಿಂಕ್ ಕೊಟ್ಟರೂ ಸರಿ. ಕೆಲಸಕ್ಕೆಂದೇ ಬೇರೆ ಇಮೇಲ್ ಇಟ್ಟುಕೊಂಡರೆ ಒಳ್ಳೆಯದು.

ಮುಂಗಡ ಬರದೆ ಪೆನ್ಸಿಲ್ ಮುಟ್ಟಬೇಡಿ. ಸಣ್ಣ ಕೆಲಸಕ್ಕೆ ಪೂರ್ತಿ ಮೊದಲೇ ಪಡೆಯುವವರಿದ್ದಾರೆ, ದೊಡ್ಡದಕ್ಕೆ ಅರ್ಧ ಮೊದಲು, ಅರ್ಧ ಸ್ಕೆಚ್ ಒಪ್ಪಿದ ಮೇಲೆ. ನಡುವೆ ತೋರಿಸುವುದೆಲ್ಲ ಕಡಿಮೆ ರೆಸಲ್ಯೂಷನ್‌ನಲ್ಲಿ, ವಾಟರ್‌ಮಾರ್ಕ್ ಸಮೇತ ಇರಲಿ. ಮೂಲೆಯಲ್ಲಿ ಹಾಕಿದ ಸಹಿ ವಾಟರ್‌ಮಾರ್ಕ್ ಅಲ್ಲ, ಕತ್ತರಿಸಿದರೆ ಮುಗಿಯಿತು. ವಾಟರ್‌ಮಾರ್ಕ್ ಚಿತ್ರದಲ್ಲಿನ ಮುಖದ ಮೇಲೆಯೇ ಹಾಯಬೇಕು.

ಹಣ ನಿಜವಾಗಿ ಬಂದು, ಚಿತ್ರ ಕೊಟ್ಟು, ತಿಂಗಳುಗಳಾದ ಮೇಲೆ ಆತ "ನನಗೇನೂ ತಲುಪಿಲ್ಲ" ಎಂದು ಹಣ ವಾಪಸ್ ಎಳೆದುಕೊಳ್ಳುವುದೂ ಉಂಟು. ಇದಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಪೇಪಾಲ್‌ನಲ್ಲಿ ಕೊಂಡವರು ತಕರಾರು ಎತ್ತಲು 180 ದಿನ ಅವಕಾಶವಿದೆ. ಹಾಗಾಗಿ ಏನು ಬರೆಯಬೇಕೆಂದು ಒಪ್ಪಿದ ಮಾತು, ಸ್ಕೆಚ್‌ಗೆ ಆತ ಕೊಟ್ಟ ಒಪ್ಪಿಗೆ, ಫೈಲ್ ಕಳಿಸಿದ ದಿನಾಂಕ, ಆತ ಕಳಿಸಿದ ಧನ್ಯವಾದ ಎಲ್ಲವೂ ಸ್ಕ್ರೀನ್‌ಶಾಟ್ ಆಗಿ ಇರಲಿ. ಇನ್‌ವಾಯ್ಸ್‌ನಲ್ಲಿ 'ಚಿತ್ರ' ಎಂದಷ್ಟೇ ಬರೆಯಬೇಡಿ; 'ಡಿಜಿಟಲ್ ಭಾವಚಿತ್ರ, ಒಬ್ಬರು, ಸೊಂಟದವರೆಗೆ, ಇಮೇಲ್ ಮೂಲಕ ರವಾನೆ, ಕಾಗದದ ಪ್ರತಿ ಇಲ್ಲ' ಎಂದು ಬರೆಯಿರಿ. ಎಲ್ಲ ಸಲವೂ ನೀವೇ ಗೆಲ್ಲುತ್ತೀರೆಂದಲ್ಲ, ಆದರೆ ಕೈಯಲ್ಲಿ ಕಾಗದ ಇಲ್ಲದವರ ಪಾಡು ಇನ್ನೂ ಕಷ್ಟ.

ಚಿತ್ರ ಬರೆಸುವವರಿಗೂ ಗಾಳವಿದೆ

ಇತ್ತ ಗಿರಾಕಿಯಾದವರಿಗೆ ಕಾದಿರುವವರು ಕಲಾವಿದರ ವೇಷದಲ್ಲಿ ಬರುತ್ತಾರೆ. ಹೊಸದಾಗಿ ಗೇಮ್ ಸ್ಟ್ರೀಮ್ ಮಾಡುವವರನ್ನು ಕೇಳಿ ನೋಡಿ, ಚಾಟ್‌ಗೆ ಬಂದು ನಯವಾಗಿ ಮಾತಾಡಿಸಿ "ನಿಮಗೆ ಲೋಗೊ, ಎಮೋಟ್ (ಚಾಟ್‌ನಲ್ಲಿ ಹಾಕುವ ಪುಟ್ಟ ಚಿತ್ರ) ಮಾಡಿಕೊಡಲೇ" ಎನ್ನುವವರ ಕಾಟ ಅವರಿಗೆ ದಿನವೂ ಇದ್ದದ್ದೇ. ತೋರಿಸುವ ಪೋರ್ಟ್‌ಫೋಲಿಯೊ ಮೂರ್ನಾಲ್ಕು ಕೈಗಳ ಕೆಲಸದಂತಿರುತ್ತದೆ, ಏಕೆಂದರೆ ಅದು ನಿಜವಾಗಿಯೂ ಮೂರ್ನಾಲ್ಕು ಜನರಿಂದ ಕದ್ದದ್ದು. ಅದರ ಎರಡು ಚಿತ್ರಗಳನ್ನು ಟಿನ್‌ಐಗೆ ಹಾಕಿದರೆ ಮೂಲ ಕಲಾವಿದರ ಪುಟ ಸಿಗುವ ಸಾಧ್ಯತೆ ಹೆಚ್ಚು. ಪ್ರಸಿದ್ಧ ಕಲಾವಿದರ ಹೆಸರಿನಲ್ಲಿ ಒಂದಕ್ಷರ ಬದಲಿಸಿ ನಕಲಿ ಖಾತೆ ತೆರೆದು "ಒಂದೇ ಜಾಗ ಉಳಿದಿದೆ" ಎಂದು ಅವರ ಹಿಂಬಾಲಕರಿಗೆ ಸಂದೇಶ ಕಳಿಸುವುದೂ ಇದೆ. ಅಂಥದ್ದು ಬಂದರೆ ಆ ಸಂದೇಶಕ್ಕೆ ಉತ್ತರಿಸದೆ, ಕಲಾವಿದರ ಸ್ವಂತ ವೆಬ್‌ಸೈಟಿನಿಂದ ಹೊರಟು ಅವರ ಖಾತೆಗೆ ಹೋಗಿ ಕೇಳಿ.

ಎಐಯಿಂದ ತೆಗೆದ ಚಿತ್ರವನ್ನು ಕೈಯಲ್ಲಿ ಬರೆದದ್ದೆಂದು ಮಾರುವವರನ್ನು ಹಿಡಿಯಲು ಚಿತ್ರದ ಕೈಯಲ್ಲಿ ಬೆರಳು ಹೆಚ್ಚುಕಡಿಮೆ ಇದೆಯೇ ಎಂದು ಎಣಿಸುವ ಕಾಲ ಹೋಯಿತು. ಈಗ ನಾನು ಹೇಳಿಕೊಡುವ ಉಪಾಯ ಬೇರೆ. ಸ್ಕೆಚ್ ಹಂತದಲ್ಲಿ ಒಂದು ಸಣ್ಣ ಬದಲಾವಣೆ ಕೇಳಿ: "ಎಡಗೈ ಮಾತ್ರ ಸ್ವಲ್ಪ ಕೆಳಗಿರಲಿ, ಉಳಿದದ್ದು ಹಾಗೇ ಇರಲಿ." ಬರೆಯುವವರು ಆ ಕೈಯನ್ನಷ್ಟೇ ತಿದ್ದುತ್ತಾರೆ. ಬರೆಯದವರಿಂದ ಬರುವ ಎರಡನೇ ಸ್ಕೆಚ್‌ನಲ್ಲಿ ಕೈಯ ಜೊತೆ ಅಂಗಿಯ ಗುಂಡಿ, ಕೂದಲ ಸುಳಿ ಎಲ್ಲ ಬದಲಾಗಿರುವುದುಂಟು. ಲೇಯರ್ ಇರುವ ಫೈಲ್ (ಗೆರೆ, ಬಣ್ಣ ಬೇರೆ ಬೇರೆ ಪದರಗಳಾಗಿ ಉಳಿದಿರುವ ಮೂಲ ಫೈಲ್) ಅಥವಾ ಟೈಮ್‌ಲ್ಯಾಪ್ಸ್ (ಬರೆದ ಹಂತಗಳನ್ನು ವೇಗವಾಗಿ ತೋರಿಸುವ ವಿಡಿಯೊ) ಕೇಳಬಹುದು. ಚಿತ್ರ ಬರೆಯುವ ಪ್ರೊಕ್ರಿಯೇಟ್ ಆ್ಯಪ್‌ನಲ್ಲಿ ಟೈಮ್‌ಲ್ಯಾಪ್ಸ್ ತಾನಾಗಿಯೇ ದಾಖಲಾಗುತ್ತದೆ. ಆದರೆ ಇದನ್ನೆಲ್ಲ ಹಣ ಕೊಡುವ ಮೊದಲೇ ಒಪ್ಪಂದಕ್ಕೆ ಸೇರಿಸಿ. ಮುಗಿದ ಮೇಲೆ ಲೇಯರ್ ಫೈಲ್ ಕೊಡದ ಪ್ರಾಮಾಣಿಕ ಕಲಾವಿದರೂ ಬಹಳ ಇದ್ದಾರೆ, ಅದು ಅವರ ಹಕ್ಕು.

ಪಾವತಿ ಮಾಡುವಾಗ ಪೇಪಾಲ್‌ನ 'ಫ್ರೆಂಡ್ಸ್ ಆ್ಯಂಡ್ ಫ್ಯಾಮಿಲಿ' ದಾರಿ ಬೇಡ. ಅದಕ್ಕೆ ಕೊಂಡವರ ರಕ್ಷಣೆ ಅನ್ವಯಿಸುವುದಿಲ್ಲ. ಶುಲ್ಕ ಉಳಿಯುತ್ತದೆಂದು ಕೇಳುವ ಒಳ್ಳೆಯವರೂ ಇದ್ದಾರೆ. ಆ ಶುಲ್ಕ ನೀವೇ ಭರಿಸಿ 'ಗೂಡ್ಸ್ ಆ್ಯಂಡ್ ಸರ್ವಿಸಸ್'ನಲ್ಲೇ ಕಳಿಸಿ. ಗಿಫ್ಟ್ ಕಾರ್ಡ್, ಕ್ರಿಪ್ಟೊ ಅಂದರೆ ಅಲ್ಲಿಗೆ ಮಾತು ನಿಲ್ಲಿಸಿ, ಹೋದದ್ದು ತಿರುಗಿ ಬರುವುದಿಲ್ಲ.

ಸಿಕ್ಕಿಬಿದ್ದಾಗ

ಕೋಪದಲ್ಲಿ ಮೊದಲು ಬ್ಲಾಕ್ ಮಾಡಬೇಡಿ. ಮಾತುಕತೆ, ಪ್ರೊಫೈಲ್, ವಹಿವಾಟಿನ ಸಂಖ್ಯೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದ ಮೇಲೆ ಬ್ಲಾಕ್ ಮಾಡಿ. ಡಿಸ್ಕಾರ್ಡ್‌ನಲ್ಲಿ ಹೆಸರು ಬದಲಿಸಬಹುದು, ಅದರ ಹಿಂದಿನ ಉದ್ದನೆಯ ಐಡಿ ಸಂಖ್ಯೆ ಬದಲಾಗದು. ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿದರೆ ಅದನ್ನು ಕಾಪಿ ಮಾಡಿಕೊಳ್ಳಬಹುದು. ದೂರಿಗೆ ಬೇಕಾಗುವುದು ಅದು. ಹಣ ಹೋಗಿದ್ದರೆ ಅದೇ ಗಂಟೆಯಲ್ಲಿ ಬ್ಯಾಂಕಿಗೋ ಕಾರ್ಡ್ ಕೊಟ್ಟವರಿಗೋ ತಿಳಿಸಿ, ಪಾವತಿಯ ಆ್ಯಪ್‌ನಲ್ಲಿ ತಕರಾರು ದಾಖಲಿಸಿ, ಪೊಲೀಸರ ಸೈಬರ್ ವಿಭಾಗಕ್ಕೆ ದೂರು ಕೊಡಿ.

ಸಂಶಯದ ಫೈಲ್ ಒತ್ತಿದ್ದರೆ ಕ್ರಮ ಬೇರೆ. ಮೊದಲು ಆ ಕಂಪ್ಯೂಟರಿನ ಇಂಟರ್‌ನೆಟ್ ಕಿತ್ತುಹಾಕಿ. ಬೇರೆ ಸಾಧನದಿಂದ ಇಮೇಲ್‌ನ ಪಾಸ್‌ವರ್ಡ್ ಬದಲಿಸಿ, ಉಳಿದ ಖಾತೆಗಳ ಬೀಗದ ಕೈ ಇರುವುದು ಅಲ್ಲೇ. ಆಮೇಲೆ ಒಂದೊಂದೇ ಖಾತೆಯಲ್ಲಿ 'ಎಲ್ಲ ಸಾಧನಗಳಿಂದ ಲಾಗ್‌ಔಟ್' ಒತ್ತಿ ಪಾಸ್‌ವರ್ಡ್ ಬದಲಿಸಿ. ಸೋಂಕಿದ ಕಂಪ್ಯೂಟರಿನಲ್ಲೇ ಕೂತು ಹೊಸ ಪಾಸ್‌ವರ್ಡ್ ಟೈಪ್ ಮಾಡಿದರೆ ಅದೂ ಕಳ್ಳನಿಗೇ ಹೋಗುತ್ತದೆ. ಕೊನೆಗೆ ವಿಂಡೋಸನ್ನು ಹೊಸದಾಗಿ ಹಾಕಿಸಿ. ತಲೆನೋವೇ, ಆದರೆ ಸಂಶಯ ಇಟ್ಟುಕೊಂಡು ಕೆಲಸ ಮಾಡುವುದು ಇನ್ನೂ ದೊಡ್ಡ ತಲೆನೋವು.

ಗಾಯದ ಮೇಲೆ ಬರೆ ಎಳೆಯುವವರೂ ಇದ್ದಾರೆ. "ಮೋಸಹೋದೆ" ಎಂದು ಎಕ್ಸ್‌ನಲ್ಲಿ ಬರೆದು ನೋಡಿ, ನಿಮಿಷಗಳಲ್ಲಿ "ನನ್ನ ಹಣವನ್ನು ಇವರು ಮರಳಿ ಕೊಡಿಸಿದರು, ಸಂಪರ್ಕಿಸಿ" ಎಂಬ ಉತ್ತರಗಳು ಸಾಲುಗಟ್ಟುತ್ತವೆ. ಅವರೂ ಮೊದಲು ಶುಲ್ಕ ಕೇಳುತ್ತಾರೆ.

ನನ್ನ ಫೋಲ್ಡರ್‌ನ ಆ ನಾಯಿಗೆ ಕಳೆದ ವಾರ ನಾಲ್ಕನೆಯ ಅಪ್ಪ ಸಿಕ್ಕಿದ್ದಾನೆ. ಪ್ರಶ್ನೆಗಳನ್ನೂ ಇನ್‌ವಾಯ್ಸ್‌ನ ಲಿಂಕನ್ನೂ ಕಳಿಸಿದೆ. ನೋಡಿದ ಗುರುತು ಬಿದ್ದಿದೆ, ಉತ್ತರ ಬಂದಿಲ್ಲ.